ಗುಂಡಿ ತೋಡಿದವರ ಗಂಟೆ ಯಾವ ಲೆಕ್ಕಕ್ಕೆ? ಕಂಪನಿಗಳ ಸ್ವಯಂಸೇವೆಯ ಹಳೇ ಕಡತ

ಇವತ್ತಿನ ಕಂತು ಒಂದು ಹೊಂಗೆ ಸಸಿಯಿಂದ ಶುರುವಾಗುತ್ತೆ, ಅಲ್ಲಿಂದ ಜಮ್ಶೆಡ್‌ಪುರಕ್ಕೆ ಹೋಗುತ್ತೆ, ಆಮೇಲೆ ಒಂದು ಸರ್ಕಾರಿ ಸುತ್ತೋಲೆಯ ಹತ್ತಿರ ಸ್ವಲ್ಪ ಹೊತ್ತು ಕೂತ್ಕೊಳ್ಳುತ್ತೆ. ಸುತ್ತೋಲೆ ಅಂದ ತಕ್ಷಣ ಓಡಿಹೋಗಬೇಡಿ. ನಾನು ಬಿ.ಕಾಂ. ಓದಿದವನು, ನನಗೆ ಕಥೆ ಸಿಗೋದೇ ಇಂಥ ಕಾಗದಗಳಲ್ಲಿ.

ಈ ಪಾಡ್‌ಕಾಸ್ಟ್ ಶುರು ಮಾಡೋಕೆ ಮುಂಚೆ ನಾನು ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಹೆಸರು ಬೇಡ, ಅಂಥ ಕಂಪನಿಗಳು ನೂರಿವೆ. ಒಂದು ಶನಿವಾರ ಬೆಳಿಗ್ಗೆ ನಮ್ಮನ್ನೆಲ್ಲ ಬಸ್ಸಿನಲ್ಲಿ ಕೂರಿಸಿ ಊರಾಚೆ ಒಂದು ಕೆರೆಯ ದಡಕ್ಕೆ ಕರ್ಕೊಂಡು ಹೋದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಟೋಪಿ, ಒಂದು ಬಾಟಲಿ ನೀರು. ಅಲ್ಲಿ ಸಾಲಾಗಿ ಗುಂಡಿಗಳು ಸಿದ್ಧವಾಗಿದ್ದವು. ನಾವು ಸಸಿ ಇಟ್ಟು, ಮಣ್ಣು ಮುಚ್ಚಿ, ಫೋಟೋ ತೆಗೆಸ್ಕೊಂಡ್ವಿ. ಎರಡು ಗಂಟೆ ಕೆಲಸ. ಪಕ್ಕದಲ್ಲಿ ಮರದ ಕೆಳಗೆ ಆರು ಜನ ಕೂಲಿಯವರು ಕೂತಿದ್ದರು. ಅವರಲ್ಲಿ ಒಬ್ಬಾಕೆಯನ್ನು ಕೇಳಿದೆ, "ಈ ಗುಂಡಿ ಯಾರಕ್ಕಾ ತೋಡಿದ್ದು?" ಅಂತ. "ನಾವೇ ಸಾರ್. ನಿನ್ನೆ ಬೆಳಿಗ್ಗೆಯಿಂದ ಕತ್ತಲಾಗೋ ತನಕ ತೋಡಿದ್ವಿ. ನೆಲ ಕಲ್ಲು ಇದ್ದಂಗಿದೆ, ನಿಮ್ಮ ಕೈಯಲ್ಲಿ ಆಗ್ತಿರಲಿಲ್ಲ" ಅಂದರು. ಬೇಜಾರಿನಿಂದ ಹೇಳಿದ್ದಲ್ಲ, ಇದ್ದ ವಿಷಯ ಹೇಳಿದರು ಅಷ್ಟೆ.

ಸೋಮವಾರ ಆಫೀಸಿಗೆ ಬಂದ್ರೆ ಅದರ ಲೆಕ್ಕದ ಶೀಟು ನನ್ನ ಮೇಜಿಗೇ ಬಂತು. ಹೋದವರು 62 ಜನ. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ, ಕೆಲಸ ಎರಡು. ತಲಾ ಐದು ಗಂಟೆ ಅಂತ ಹಾಕಿ ಅಂದರು. ಹಾಕಿದೆ. 310 ಸ್ವಯಂಸೇವಾ ಗಂಟೆ. ಟ್ರಾಫಿಕ್ಕಿನಲ್ಲಿ ನಿದ್ದೆ ಹೊಡೆದದ್ದೂ ಸಮಾಜಸೇವೆ ಆಯ್ತು. ಗುಂಡಿ ತೋಡಿದ ಆರು ಜನರ ಇಡೀ ದಿನ ಬೇರೆ ಹಾಳೆಯಲ್ಲಿತ್ತು, ಕಾಂಟ್ರಾಕ್ಟರ್ ಕೊಟ್ಟ ಬಿಲ್ಲಿನಲ್ಲಿ, "ಇತರೆ ಖರ್ಚು" ಅನ್ನೋ ಸಾಲಿನಲ್ಲಿ.

ಆವತ್ತಿನಿಂದ ನನ್ನ ತಲೆಯಲ್ಲಿ ಕೂತ ಪ್ರಶ್ನೆ ಇದು. ಕಂಪನಿ ತನ್ನ ನೌಕರರ ಸಮಯವನ್ನು ಊರಿಗೆ ಕೊಡೋದು ಅನ್ನೋ ಯೋಚನೆ ಎಲ್ಲಿಂದ ಬಂತು, ಮೂಲದಲ್ಲಿ ಅದು ಏನಾಗಿತ್ತು, ಟೀ ಶರ್ಟು ಹೇಗಾಯ್ತು?

ಕನ್ನಡದಲ್ಲಿ ಕೂಲಿ ಇಲ್ಲದ ಕೆಲಸಕ್ಕೆ ಎರಡು ಹಳೇ ಪದಗಳಿವೆ. ಒಂದು ಬಿಟ್ಟಿ. ನಮ್ಮ ಶಾಸನಗಳಲ್ಲೂ ಬರೋ ಪದ. ಮೇಲಿನವರು ಹೇಳಿದರು ಅಂತ ಮಾಡಲೇಬೇಕಾದ, ಕಾಸು ಸಿಗದ ದುಡಿಮೆ. ಇನ್ನೊಂದು ಮುಯ್ಯಿ. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯಿಂದ ಒಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು ಬರ್ತಾರೆ. ಮುಯ್ಯಾಳು ಅಂತಾರೆ. ಅಲ್ಲಿ ದುಡ್ಡು ಓಡಾಡಲ್ಲ, ಆದ್ರೆ ಲೆಕ್ಕ ಮಾತ್ರ ಭಾರೀ ಕಟ್ಟುನಿಟ್ಟು, ಯಾರೂ ಮರೆಯಲ್ಲ. ಈ ಎರಡು ಪದ ಕೈಯಲ್ಲಿಟ್ಕೊಂಡೇ ಮುಂದಕ್ಕೆ ಹೋಗೋಣ.

ಈಗ ಜಮ್ಶೆಡ್‌ಪುರ. ಭಾರತದಲ್ಲಿ ಕಂಪನಿ ಮತ್ತು ಊರು ಅನ್ನೋ ಸಂಬಂಧದ ಬಗ್ಗೆ ಮಾತಾಡೋವಾಗ ಅದನ್ನು ಬಿಟ್ಟು ಹೋಗೋಕಾಗಲ್ಲ. 1902ರಲ್ಲಿ ಜಮ್ಶೆಟ್‌ಜಿ ಟಾಟಾ ವಿದೇಶದಿಂದ ಮಗ ದೊರಾಬ್‌ಗೆ ಒಂದು ಪತ್ರ ಬರೆದರು. ಉಕ್ಕಿನ ಕಾರ್ಖಾನೆ ಎಲ್ಲಿ ಕಟ್ಟಬೇಕು ಅನ್ನೋದೇ ಇನ್ನೂ ಗೊತ್ತಿರಲಿಲ್ಲ. ಆಗಲೇ ಅವರು ರಸ್ತೆ ಅಗಲವಾಗಿರಲಿ, ಬೇಗ ಬೆಳೆಯೋ ನೆರಳಿನ ಮರ ಹಾಕಿಸು, ಆಟದ ಬಯಲು ಬಿಡು, ದೇವಸ್ಥಾನ, ಮಸೀದಿ, ಚರ್ಚಿಗೆ ಜಾಗ ಇಡು ಅಂತ ಬರೆದಿದ್ದರು. 1904ರಲ್ಲಿ ಅವರು ತೀರಿಹೋದರು. ಕಂಪನಿ ಹುಟ್ಟಿದ್ದು 1907ರಲ್ಲಿ, ಕಾರ್ಖಾನೆ ಎದ್ದದ್ದು ಸಾಕ್ಚಿ ಅನ್ನೋ ಹಳ್ಳಿಯ ಹತ್ತಿರ. ಮೊದಲ ಉಕ್ಕು ಬಂದದ್ದು 1912ರಲ್ಲಿ. ಅದೇ ವರ್ಷ ಎಂಟು ಗಂಟೆ ಪಾಳಿ ತಂದರು. ಭಾರತದ ಎಲ್ಲ ಕಾರ್ಖಾನೆಗಳಿಗೆ ಅದನ್ನು ಗಟ್ಟಿ ಮಾಡಿದ್ದು 1948ರ ಕಾರ್ಖಾನೆ ಕಾಯ್ದೆ, ಅಂದ್ರೆ ಮೂವತ್ತಾರು ವರ್ಷ ತಡವಾಗಿ. 1915ರಲ್ಲಿ ಉಚಿತ ವೈದ್ಯಕೀಯ ನೆರವು ಬಂತು. ಕಾರ್ಮಿಕರ ಕಲ್ಯಾಣ ಹೇಗೆ ನೋಡ್ಕೋಬೇಕು ಅಂತ ಲಂಡನ್ನಿನ ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ದಂಪತಿಯಂಥ ಸಮಾಜವಾದಿಗಳ ಸಲಹೆ ಕೇಳಿದ್ದೂ ಆ ದಶಕದಲ್ಲೇ. 1919ರಲ್ಲಿ ಸಾಕ್ಚಿಗೆ ಜಮ್ಶೆಡ್‌ಪುರ ಅಂತ ಹೆಸರು ಬಂತು.

ಇಷ್ಟನ್ನೇ ಹೇಳಿ ನಿಲ್ಲಿಸೋ ಪುಸ್ತಕಗಳು ಬಹಳ ಇವೆ. ಆದ್ರೆ ಅದರ ಮರುವರ್ಷ, 1920ರಲ್ಲಿ, ಅಲ್ಲಿ ದೊಡ್ಡ ಮುಷ್ಕರ ಆಯ್ತು. ಗೋಲಿಬಾರ್ ಆಗಿ ಕಾರ್ಮಿಕರು ಸತ್ತರು. 1922ರಲ್ಲಿ ಮತ್ತೊಂದು ಮುಷ್ಕರ, 1928ರಲ್ಲಿ ಇನ್ನೂ ದೊಡ್ಡದು. ಆಗ ಕಾರ್ಮಿಕ ಸಂಘದ ಮುಂದಾಳಾಗಿ ಬಂದವರು ಸುಭಾಷ್‌ಚಂದ್ರ ಬೋಸ್. ನೆರಳಿನ ಮರ ಕೊಟ್ಟ ಕಂಪನಿಯ ಎದುರೇ ಜನ ಕೆಲಸ ನಿಲ್ಲಿಸಿ ಕೂತರು. ಯಾಕೆ? ಸಂಬಳ ಮತ್ತು ಕೆಲಸದಿಂದ ತೆಗೆಯೋ ವಿಚಾರದಲ್ಲಿ ಅವರ ಮಾತನ್ನು ಕೇಳಬೇಕಿತ್ತು. ಮರ, ಬಯಲು, ಆಸ್ಪತ್ರೆ ಎಲ್ಲವನ್ನೂ ಕಂಪನಿಯೇ ಯೋಚಿಸಿ ಕೊಟ್ಟಿತ್ತು. ತೊಗೊಳ್ಳೋವರನ್ನು ನಿಮಗೇನು ಬೇಕು ಅಂತ ಕೇಳೋ ರೂಢಿ ಇನ್ನೂ ಬಂದಿರಲಿಲ್ಲ. ಇನ್ನೊಂದು ಮಾತು. ಈ ಅಗಲ ರಸ್ತೆಯೆಲ್ಲ ಕಂಪನಿಯ ಗಡಿಯ ಒಳಗೆ. ಗಡಿಯ ಆಚೆ ಬಸ್ತಿಗಳು ಬೆಳೆದವು, ಅದರಾಚೆ ಆದಿವಾಸಿ ಹಳ್ಳಿಗಳು, ಜಾಗ ಬಿಟ್ಟುಕೊಟ್ಟವರು.

ನಮ್ಮ ಕಡೆಗೂ ಇದರ ಒಂದು ಎಳೆ ಬರುತ್ತೆ. ಸರ್ ಎಂ. ವಿಶ್ವೇಶ್ವರಯ್ಯ 1927ರಿಂದ ಹಲವು ವರ್ಷ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾಗಿದ್ದರು. ಅದಕ್ಕೂ ಮುಂಚೆ ಭದ್ರಾವತಿಯ ಕಾರ್ಖಾನೆಯನ್ನು ನಿಲ್ಲಿಸಿದವರು ಅವರೇ, ಅಲ್ಲಿ 1923ರಲ್ಲಿ ಕಬ್ಬಿಣ ಕರಗೋಕೆ ಶುರುವಾಯ್ತು. ಅದು ಮೈಸೂರು ಸರ್ಕಾರದ್ದು, ಟಾಟಾ ಥರ ಖಾಸಗಿ ಅಲ್ಲ. ಆದ್ರೂ ಊರಿನ ಸ್ವರೂಪ ಒಂದೇ. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಆಟದ ಮೈದಾನ, ಎಲ್ಲ ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡಿದ್ದವು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಅದನ್ನು ಮುಚ್ಚೋ ತೀರ್ಮಾನ ಬಂದಾಗ ಇಡೀ ಊರು ಬೀದಿಗಿಳಿಯಿತು. ಆಮೇಲೆ ಒಂದಿಷ್ಟು ಕೆಲಸ ಮತ್ತೆ ಶುರುವಾಯ್ತು, ಅದು ಬೇರೆ ಕಥೆ. ನಾನು ಹೇಳಬೇಕಿದ್ದದ್ದು ಇಷ್ಟೇ: ಕಂಪನಿಯೇ ಊರಾಗಿರೋ ಕಡೆ, ಕಂಪನಿ ಕೆಮ್ಮಿದರೆ ಊರಿಗೆ ಜ್ವರ.

ಇಲ್ಲಿ ತನಕ ನೋಡಿದ್ದು ಕಂಪನಿಯ ದುಡ್ಡು. ಸಮಯ ಎಲ್ಲಿ ಬಂತು?

ಅದಕ್ಕೆ 1960ರ ದಶಕಕ್ಕೆ ಬರಬೇಕು. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ಆಗ್ತಾ ಇತ್ತು. ಖಾಸಗಿ ಉದ್ಯಮದ ಮೇಲೆ ಜನಕ್ಕೂ ಸರ್ಕಾರಕ್ಕೂ ಅನುಮಾನ. 1965ರಲ್ಲಿ ದೆಹಲಿಯಲ್ಲಿ ವ್ಯಾಪಾರದ ಸಾಮಾಜಿಕ ಹೊಣೆ ಏನು ಅಂತ ಒಂದು ವಿಚಾರ ಸಂಕಿರಣ ನಡೆಯಿತು. ಅದರ ಹಿಂದೆ ಇದ್ದವರಲ್ಲಿ ಜಯಪ್ರಕಾಶ್ ನಾರಾಯಣ್ ಮುಖ್ಯರು. ಅವರ ಬಾಯಿಂದ ಈ ಮಾತು ಬಂದಾಗ ಉದ್ಯಮಿಗಳು ತಳ್ಳಿಹಾಕೋ ಹಾಗಿರಲಿಲ್ಲ.

1969ರಲ್ಲಿ ಮದ್ರಾಸಿನಲ್ಲಿ ಜೆ.ಆರ್.ಡಿ. ಟಾಟಾ ಒಂದು ಭಾಷಣ ಮಾಡಿದರು. ಅದರ ಸಾರ ನನ್ನ ಮಾತಲ್ಲಿ ಹೇಳ್ತೀನಿ. ಗ್ರಾಮೀಣ ಭಾಗದಲ್ಲಿರೋ ಪ್ರತಿ ಕಾರ್ಖಾನೆ ಸುತ್ತಲಿನ ಹಳ್ಳಿಗಳನ್ನು ತನ್ನವು ಅಂತ ನೋಡ್ಕೊಳ್ಳಲಿ. ತನ್ನ ಮ್ಯಾನೇಜರು, ಎಂಜಿನಿಯರು, ಡಾಕ್ಟರು, ಪರಿಣತರ ಸಮಯದಲ್ಲಿ ಸ್ವಲ್ಪ ಭಾಗವನ್ನು ಆ ಹಳ್ಳಿಯವರಿಗೆ ಸಲಹೆ ಕೊಡೋಕೆ, ಅಲ್ಲಿನ ಕೆಲಸಗಳ ಮೇಲ್ವಿಚಾರಣೆಗೆ ಬಿಟ್ಟುಕೊಡಲಿ.

ಇದನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನೋಡಿ, ಅವರು ಕೇಳಿದ್ದು ಎಂಜಿನಿಯರ್‌ನ ಕೈಯಲ್ಲಿ ಗುದ್ದಲಿ ಹಿಡಿಸೋದಕ್ಕಲ್ಲ. ಗುದ್ದಲಿ ಹಿಡಿಯೋಕೆ ಹಳ್ಳಿಯಲ್ಲಿ ಜನ ಇದ್ದಾರೆ, ಎಂಜಿನಿಯರ್‌ಗಿಂತ ಹತ್ತು ಪಟ್ಟು ಚೆನ್ನಾಗಿ ಹಿಡೀತಾರೆ. ಇಲ್ಲದಿರೋದು ಕೆರೆ ಕೋಡಿ ಎಷ್ಟು ಎತ್ತರ ಇರಬೇಕು ಅಂತ ಅಳತೆ ಮಾಡಿ ಹೇಳೋರು, ಬ್ಯಾಂಕಿನ ಅರ್ಜಿ ಓದೋರು, ಮಗುವಿನ ಕಣ್ಣು ನೋಡೋರು. ಆ ಸಮಯ ಕೇಳಿದರು ಅವರು.

ಬರೀ ಭಾಷಣವಾಗಿ ಉಳಿಯಲಿಲ್ಲ ಅನ್ನೋದು ಇಲ್ಲಿ ಮುಖ್ಯ. 1970ರಲ್ಲಿ ಟಾಟಾ ಸ್ಟೀಲ್ ತನ್ನ ನಿಯಮಾವಳಿಯನ್ನೇ ತಿದ್ದಿತು. ಕಾಮರ್ಸ್ ಓದದವರಿಗೆ ಹೇಳ್ತೀನಿ, ಕಂಪನಿಯ ನಿಯಮಾವಳಿ ಅಂದ್ರೆ ಮನೆಯ ಗೋಡೆಗೆ ಹಾಕೋ ಸುಭಾಷಿತ ಅಲ್ಲ. ಆಡಳಿತ ಮಂಡಳಿ ಅದನ್ನು ಮೀರೋ ಹಾಗಿಲ್ಲ, ತಿದ್ದಬೇಕಂದ್ರೆ ಷೇರುದಾರರ ವಿಶೇಷ ನಿರ್ಣಯ ಬೇಕು. ಅಂಥ ಕಡೆ ಗ್ರಾಹಕರು, ನೌಕರರು, ಷೇರುದಾರರ ಜತೆಗೆ ಸಮಾಜ ಮತ್ತು ಸ್ಥಳೀಯ ಜನರ ಕಡೆಗೂ ಕಂಪನಿಗೆ ಸಾಮಾಜಿಕ, ನೈತಿಕ ಹೊಣೆ ಇದೆ ಅಂತ ಸೇರಿಸಿದರು. 1979ರಲ್ಲಿ ಗ್ರಾಮೀಣಾಭಿವೃದ್ಧಿಗೆ ಅಂತಲೇ ಒಂದು ಸಂಸ್ಥೆ ಮಾಡಿದರು.

ಅದಾದ ಮೇಲೆ ನನಗೆ ಈ ಕಥೆಯಲ್ಲೇ ಅತಿ ಇಷ್ಟವಾದ ಘಟ್ಟ. ನಿಯಮಾವಳಿಯಲ್ಲಿ ಬರ್ಕೊಂಡಿದ್ದೀವಲ್ಲ, ಮಾಡಿದ್ದೀವಾ ಇಲ್ವಾ ಅಂತ ಯಾರು ಹೇಳಬೇಕು? ಹೊರಗಿನವರನ್ನು ಕರೆದರು. ಬಾಂಬೆ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಪಿ. ಕೋತ್ವಾಲ್, ರಾಜಕೀಯ ಶಾಸ್ತ್ರಜ್ಞ ರಜನಿ ಕೊಠಾರಿ, ಸಂಸದರಾಗಿದ್ದ ಪಿ.ಜಿ. ಮಾವಳಂಕರ್. ಮೂರು ಜನರಲ್ಲಿ ಲೆಕ್ಕಪರಿಶೋಧಕರು ಒಬ್ಬರೂ ಇಲ್ಲ. ಆದ್ರೂ ಅದನ್ನು ಕರೆದದ್ದು ಆಡಿಟ್ ಅಂತಲೇ, ಸಾಮಾಜಿಕ ಆಡಿಟ್. 1980ರಲ್ಲಿ ವರದಿ ಬಂತು. ಭಾರತದಲ್ಲಿ ಒಂದು ಕಂಪನಿ ತನ್ನ ಮೇಲೆ ತಾನೇ ಹೀಗೆ ಮಾಡಿಸ್ಕೊಂಡದ್ದು ಅದೇ ಮೊದಲು. ರಜನಿ ಕೊಠಾರಿ ಅಂಥವರು ಕಂಪನಿಗೆ ಹೊಗಳುಭಟರಾಗೋ ಪೈಕಿ ಅಲ್ಲ ಅನ್ನೋದನ್ನೂ ನೆನಪಿಡಿ. ಎಷ್ಟು ಕೋಟಿ ಖರ್ಚಾಯ್ತು ಅಂತ ಮೊದಲು ಕೇಳದೆ, ಹೊಣೆ ತೀರಿಸಿದ್ದೀರಾ ಅಂತ ಕೇಳಿದ ಆಡಿಟ್ ಅದು. ನಮ್ಮ ಕಾಲೇಜಿನ ಆಡಿಟಿಂಗ್ ಪಠ್ಯದಲ್ಲಿ ಇದರ ಬಗ್ಗೆ ಒಂದು ಪ್ಯಾರಾ ಇದ್ದಿದ್ರೆ ನಾನು ಆ ಪೇಪರಿನಲ್ಲಿ ಸ್ವಲ್ಪ ಜಾಸ್ತಿ ಅಂಕ ತೊಗೊಳ್ತಿದ್ನೇನೋ.

ಆ ಹೊತ್ತಿಗೆ ಅಮೆರಿಕದಲ್ಲಿ ಬೇರೊಂದು ದಾರಿ ಶುರುವಾಗಿತ್ತು. ಬೇಗ ಹೇಳಿ ಮುಗಿಸ್ತೀನಿ. 1971ರಲ್ಲಿ ಜೆರಾಕ್ಸ್ ಕಂಪನಿ ತನ್ನ ಕೆಲವು ನೌಕರರಿಗೆ ಒಂದು ವರ್ಷದವರೆಗೆ ಸಂಬಳ ಸಮೇತ ರಜೆ ಕೊಟ್ಟು ಸಮಾಜಸೇವೆಗೆ ಕಳಿಸೋ ಯೋಜನೆ ತಂತು. 1992ರಲ್ಲಿ ಬೂಟು ಮಾಡೋ ಟಿಂಬರ್‌ಲ್ಯಾಂಡ್ ಪ್ರತಿ ನೌಕರನಿಗೂ ವರ್ಷಕ್ಕೆ ಇಷ್ಟು ಗಂಟೆ ಅಂತ ಸಂಬಳದ ಸಮಯ ಕೊಟ್ಟಿತು. 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಷೇರಿನ ಒಂದು ಭಾಗ, ಉತ್ಪನ್ನದ ಒಂದು ಭಾಗ, ನೌಕರರ ಸಮಯದ ಶೇಕಡಾ 1 ಭಾಗ ಸಮಾಜಕ್ಕೆ ಅಂದಿತು. ವರ್ಷದಿಂದ ಗಂಟೆಗೆ, ಗಂಟೆಯಿಂದ ಶೇಕಡಾಕ್ಕೆ ಹೇಗೆ ಇಳೀತು ಗಮನಿಸಿ. ಬೆಂಗಳೂರಿನ ಟೆಕ್ ಪಾರ್ಕುಗಳಿಗೆ ಸ್ವಯಂಸೇವೆ ಅನ್ನೋದು ಬಂದದ್ದು ಬಹುಪಾಲು ಈ ದಾರಿಯಲ್ಲಿ, ಹೆಡ್ಡಾಫೀಸಿನ ಇಮೇಲಿನ ಜತೆ. ಮದ್ರಾಸಿನ ಭಾಷಣ ಅದಕ್ಕಿಂತ ಹಳೇದು, ಹತ್ತಿರದ್ದು. ಆದ್ರೆ ನಮಗೆ ಇಮೇಲೇ ಮೊದಲು ತಲುಪಿತು.

ಇನ್ನು ಸುತ್ತೋಲೆ.

2013ರ ಕಂಪನಿ ಕಾಯ್ದೆಯ 135ನೇ ಕಲಂ. 2014ರ ಏಪ್ರಿಲ್ 1ರಿಂದ ಜಾರಿ. ನಿವ್ವಳ ಆಸ್ತಿ 500 ಕೋಟಿ, ಇಲ್ಲಾ ವಹಿವಾಟು 1000 ಕೋಟಿ, ಇಲ್ಲಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡಾ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡೋ ಊರು ಮತ್ತು ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ತನ್ನ ನೌಕರರಿಗೆ, ಅವರ ಮನೆಯವರಿಗೆ ಮಾತ್ರ ಉಪಯೋಗವಾಗೋ ಕೆಲಸ ಇದಕ್ಕೆ ಸೇರಲ್ಲ. ಅಂದ್ರೆ ಕ್ವಾರ್ಟರ್ಸಿನ ಗಡಿಯಾಚೆ ಹೋಗು ಅಂತ ಕಾನೂನೇ ಹೇಳ್ತು. ನನ್ನ ಮಟ್ಟಿಗೆ ಇದು ದೊಡ್ಡ ಹೆಜ್ಜೆ.

ಕಾನೂನು ಬಂದ ತಕ್ಷಣ ಕಂಪನಿಗಳಿಗೆ ಅನುಮಾನಗಳು. ಮ್ಯಾರಥಾನ್ ಮಾಡಿದ್ರೆ ಆಗುತ್ತಾ? ಟಿವಿ ಕಾರ್ಯಕ್ರಮಕ್ಕೆ ಪ್ರಾಯೋಜಕತ್ವ ಕೊಟ್ರೆ? 2014ರ ಜೂನ್ 18ರಂದು ಕಂಪನಿ ವ್ಯವಹಾರಗಳ ಸಚಿವಾಲಯ 21ನೇ ಸಂಖ್ಯೆಯ ಸುತ್ತೋಲೆಯಲ್ಲಿ ಉತ್ತರ ಕೊಟ್ಟಿತು. ಮ್ಯಾರಥಾನೂ ಇಲ್ಲ, ಟಿವಿಯೂ ಇಲ್ಲ ಅಂತ. ಆದ್ರೆ ನೌಕರರ ಸ್ವಯಂಸೇವೆಯ ವಿಷಯಕ್ಕೆ ಬಂದಾಗ ಬಾಗಿಲು ತೆರೆಯಿತು. ನೌಕರರು ಸ್ವಯಂಸೇವಕರಾಗಿ ಇಂಥ ಕೆಲಸದಲ್ಲಿ ಎಷ್ಟು ಗಂಟೆ ಕಳೆದರೋ ಅಷ್ಟು ಗಂಟೆಯ ಸಂಬಳವನ್ನು ಸಾಮಾಜಿಕ ಖರ್ಚಿನಲ್ಲಿ ತೋರಿಸಬಹುದು ಅಂದಿತು.

ಇದರ ಅರ್ಥ ಏನಾಗುತ್ತೆ ಅಂತ ಒಂದು ಕಾಲ್ಪನಿಕ ಕಂಪನಿ ತೊಗೊಂಡು ನೋಡೋಣ, ಪೆನ್ನು ಪೇಪರ್ ಇದ್ರೆ ಹಿಡ್ಕೊಳ್ಳಿ. ನೌಕರರು 1000. ಸರಾಸರಿ ಸಂಬಳ ತಿಂಗಳಿಗೆ 60,000 ರೂಪಾಯಿ. ತಿಂಗಳಿಗೆ 22 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 176 ಗಂಟೆ. ಗಂಟೆಗೆ ಸುಮಾರು 340 ರೂಪಾಯಿ. ವರ್ಷಕ್ಕೆ ಒಂದೇ ದಿನ ಎಲ್ಲರನ್ನೂ ಕೆರೆ ದಡಕ್ಕೆ ಕಳಿಸಿದರೆ ಸಾಕು, 27 ಲಕ್ಷಕ್ಕೂ ಮೇಲೆ ಆಗುತ್ತೆ. ಆ ಕಂಪನಿಯ ಸರಾಸರಿ ಲಾಭ 20 ಕೋಟಿ ಅನ್ನಿ. ಶೇಕಡಾ 2 ಅಂದ್ರೆ 40 ಲಕ್ಷ. ಅಲ್ಲಿಗೆ ಮೂರರಲ್ಲಿ ಎರಡು ಪಾಲು ತೀರಿಹೋಯ್ತು. ಸಂಬಳ ಹೇಗೂ ಕೊಡ್ತಾ ಇದ್ದದ್ದೇ, ಹೊಸದಾಗಿ ಒಂದು ರೂಪಾಯಿಯೂ ಕಂಪನಿಯಿಂದ ಆಚೆ ಹೋಗಿಲ್ಲ. ಊರಿಗೆ ಸಿಕ್ಕಿದ್ದು ಸಾವಿರ ಜನ ಒಂದು ದಿನ ನೆಟ್ಟ ಸಸಿ. ಬಸ್ಸಿನ ಗಂಟೆಯನ್ನೂ ಸೇರಿಸೋ ನನ್ನಂಥ ಅಕೌಂಟೆಂಟ್ ಇದ್ದರಂತೂ ಮುಗೀತು.

ಮೂರು ತಿಂಗಳು. ಸೆಪ್ಟೆಂಬರ್ 17ರಂದು 36ನೇ ಸಂಖ್ಯೆಯ ಸುತ್ತೋಲೆ ಬಂತು, ಆ ಸಾಲನ್ನು ತೆಗೆದುಹಾಕಿತು. ಆಡಳಿತ ಖರ್ಚೆಲ್ಲ ಸೇರಿ ಶೇಕಡಾ 5 ಮೀರಬಾರದು ಅಂತ ಅದೇ ತಿಂಗಳು ನಿಯಮವೂ ಬಿಗಿಯಾಯ್ತು. ಮೇಲೆ ಹಾಕಿದ ಲೆಕ್ಕವನ್ನು ದೆಹಲಿಯಲ್ಲೂ ಯಾರೋ ಹಾಕಿ ನೋಡಿರಬೇಕು ಅಂತ ನನ್ನ ಊಹೆ. 2016ರ ಜನವರಿಯಲ್ಲಿ ಸಚಿವಾಲಯ ಪ್ರಶ್ನೋತ್ತರದ ರೂಪದಲ್ಲಿ ಮತ್ತೆ ಹೇಳಿತು: ನೌಕರರು ಈ ಕೆಲಸದಲ್ಲಿ ತೊಡಗೋದು ಒಳ್ಳೇದು, ಕಂಪನಿಗಳು ಅವರನ್ನು ಹುರಿದುಂಬಿಸಲಿ, ಆದ್ರೆ ಅವರ ಉಚಿತ ಸೇವೆಗೆ ಬೆಲೆ ಕಟ್ಟಿ ಖರ್ಚು ಅಂತ ತೋರಿಸೋ ಹಾಗಿಲ್ಲ. 2021ರ ತಿದ್ದುಪಡಿ ಬಂದ ಮೇಲೆ ಖರ್ಚಾಗದ ಹಣವನ್ನು ಬೇರೆ ಖಾತೆಗೋ ನಿಗದಿತ ನಿಧಿಗೋ ಹಾಕಲೇಬೇಕು, ಇಲ್ಲಾಂದ್ರೆ ದಂಡ. ದುಡ್ಡಿನ ಲೆಕ್ಕ ಗಟ್ಟಿಯಾಯ್ತು.

ಈಗ ಇದರ ಪಕ್ಕಕ್ಕೆ ಇನ್ನೊಂದು ಕಾಲವನ್ನು ಇಟ್ಟು ನೋಡಿ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತು, ಮೊದಲಿಗೆ 55 ಕಡೆ. ಹಳ್ಳಿಗೆ ರಸ್ತೆ, ಬಾವಿ, ಶಾಲೆ ಕಟ್ಟೋದು. ಸರ್ಕಾರ ಸ್ವಲ್ಪ ಹಾಕುತ್ತೆ, ಮಿಕ್ಕಿದ್ದು ಹಳ್ಳಿಯವರ ವಂತಿಗೆ. ದುಡ್ಡು ಇಲ್ಲದವರು ಶ್ರಮದಾನ ಮಾಡಬೇಕು. ಆ ಶ್ರಮದಾನಕ್ಕೆ ಅಧಿಕಾರಿಗಳು ರೂಪಾಯಿಯಲ್ಲಿ ಬೆಲೆ ಕಟ್ಟಿ, "ಜನರ ಕೊಡುಗೆ" ಅಂತ ವರದಿಗಳಲ್ಲಿ ಕೋಟಿಗಟ್ಟಲೆ ತೋರಿಸಿದರು. ನಮ್ಮ ತಾತನ ಕಾಲದ ಎಷ್ಟೋ ಶಾಲೆ ಗೋಡೆಗಳು ಹಾಗೇ ಎದ್ದಿದ್ದು. ಅಂದ್ರೆ ಬಡವನ ಗಂಟೆಗೆ ಬೆಲೆ ಕಟ್ಟೋಕೆ ಸರ್ಕಾರಕ್ಕೆ ಆವತ್ತು ಏನೂ ಕಷ್ಟ ಆಗಲಿಲ್ಲ. ಅವನು ಕೊಟ್ಟ ಗಂಟೆ ಅವನ ಪಾಲಿನ ಹಣದ ಬದಲಿಗೆ ನಿಂತಿತು. ಎಂಜಿನಿಯರ್‌ನ ಗಂಟೆ ಕಂಪನಿಯ ಹಣದ ಬದಲಿಗೆ ನಿಲ್ಲಬಾರದು ಅಂತ 2014ರಲ್ಲಿ ತೀರ್ಮಾನ ಆಯ್ತು. ಆ ತೀರ್ಮಾನ ಸರಿ ಅಂತಲೇ ನಾನೂ ಹೇಳ್ತೀನಿ. ಆದ್ರೆ 1950ರ ದಶಕದಲ್ಲಿ ಕೂಲಿ ಬಿಟ್ಟು ಕಲ್ಲು ಹೊತ್ತವನಿಗೆ ಇದನ್ನು ಹೇಗೆ ವಿವರಿಸೋದು ಅನ್ನೋದು ನನಗೆ ತೋಚಿಲ್ಲ.

ತೀರ್ಮಾನ ಸರಿ ಅಂದೆ. ಅದರ ಬೆನ್ನಿಗೆ ಇನ್ನೊಂದು ಎಡವಟ್ಟೂ ಬಂತು. ಗಂಟೆಗೆ ದುಡ್ಡಿನ ಬೆಲೆ ಇಲ್ಲ ಅಂದಾಗ ಅದಕ್ಕೆ ಉಳಿದದ್ದು ಫೋಟೋದ ಬೆಲೆ. ವಾರ್ಷಿಕ ವರದಿಯಲ್ಲಿ ಒಂದು ಪುಟ, ಎಷ್ಟು ತಲೆ, ಎಷ್ಟು ಗಂಟೆ. ತಲೆ ಜಾಸ್ತಿ ಕಾಣಬೇಕಂದ್ರೆ ಎಲ್ಲರೂ ಮಾಡಬಹುದಾದ ಕೆಲಸವೇ ಬೇಕು. ಸಸಿ ನೆಡೋದು, ಗೋಡೆಗೆ ಬಣ್ಣ ಹೊಡೆಯೋದು, ರಸ್ತೆ ಗುಡಿಸೋದು. ಊರಿನಲ್ಲಿ ಅದನ್ನು ಮಾಡೋಕೆ ಜನ ಇಲ್ಲದೇ ಇಲ್ಲ, ಕೂಲಿ ಕೊಟ್ರೆ ನಮಗಿಂತ ಚೆನ್ನಾಗಿ ಮಾಡ್ತಾರೆ. 1969ರಲ್ಲಿ ಕೇಳಿದ್ದ ಪರಿಣತರ ಸಮಯ ಎಲ್ಲಿ ಹೋಯ್ತು? ಪೂರ್ತಿ ಹೋಗಿಲ್ಲ, ಅದನ್ನೂ ಹೇಳಬೇಕು. ಟಾಟಾದವರೇ 2014ರಲ್ಲಿ ಶುರು ಮಾಡಿದ ಸ್ವಯಂಸೇವಾ ಯೋಜನೆಯಲ್ಲಿ ಒಂದು ಭಾಗ ಹೀಗಿದೆ: ಸಂಘ ಸಂಸ್ಥೆಗಳು ತಮಗೆ ಏನು ಕೆಲಸ ಆಗಬೇಕು ಅಂತ ಮೊದಲು ಹೇಳ್ತವೆ, ಆ ಕೌಶಲ ಇರೋ ನೌಕರರು ಕೆಲವು ತಿಂಗಳು ವಾರಕ್ಕಿಷ್ಟು ಗಂಟೆ ಅಂತ ಅದನ್ನು ಮಾಡಿಕೊಡ್ತಾರೆ. ಇನ್ನೂ ಕೆಲವು ಕಂಪನಿಗಳಲ್ಲಿ ಇಂಥದು ಇದೆ. ಸಸಿಯ ಎದುರು ಅದರ ಫೋಟೋ ಅಷ್ಟು ಚೆನ್ನಾಗಿ ಬರಲ್ಲ ಅಷ್ಟೆ. ಕಂಪ್ಯೂಟರ್ ಮುಂದೆ ಇಬ್ಬರು ಕೂತಿರೋ ಫೋಟೋವನ್ನು ಯಾರು ನೋಡ್ತಾರೆ?

ಮತ್ತೆ ನನ್ನ ಕೆರೆಗೆ ಬರ್ತೀನಿ. ಮರು ಏಪ್ರಿಲ್‌ನಲ್ಲಿ ಆ ಕಡೆ ಹೋಗಿದ್ದೆ. ಸಸಿಗಳ ಪೈಕಿ ಹಸಿರಾಗಿದ್ದದ್ದು ಬೇಲಿಯ ಪಕ್ಕದ ನಾಲ್ಕೈದು. ನೀರು ಹಾಕೋರು ಯಾರು ಅನ್ನೋದು ಯಾರ ಶೀಟಿನಲ್ಲೂ ಇರಲಿಲ್ಲ, ನನ್ನದರಲ್ಲೂ.

ಅದೇ ಕಂಪನಿಯಲ್ಲಿದ್ದಾಗ ಇನ್ನೊಂದು ಕೆಲಸ ಮಾಡಿದ್ದೆ. ಹೊಸಕೋಟೆ ಕಡೆ ನಮ್ಮದೊಂದು ಗೋದಾಮು ಇತ್ತು. ಅಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಅಕ್ಕ ಪಕ್ಕದ ಹಳ್ಳಿಯ ಸ್ವಸಹಾಯ ಸಂಘದಲ್ಲಿ ಪುಸ್ತಕ ಬರೀತಿದ್ದರು. ಸಂಘದ ನಗದು ಪುಸ್ತಕಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿಗೂ 1,840 ರೂಪಾಯಿ ತಾಳೆ ಆಗ್ತಿರಲಿಲ್ಲ. ದುಡ್ಡು ಸಣ್ಣದು ಅನ್ನಬೇಡಿ. ವಾರದ ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೇ ಇದ್ರೂ ಎಲ್ಲರ ಕಣ್ಣು ಇವರ ಮೇಲೆ. ಇಬ್ಬರು ಉಳಿತಾಯ ಕಟ್ಟೋದನ್ನೇ ನಿಲ್ಲಿಸಿದ್ದರು. ಸಾಲದ ಅರ್ಜಿ ಮುಂದಕ್ಕೆ ಹೋಗಿರಲಿಲ್ಲ. "ನೀವು ಲೆಕ್ಕದವರಲ್ವಾ ಸಾರ್, ಒಂದ್ಸಲ ನೋಡ್ತೀರಾ?" ಅಂದರು.

ಎರಡು ಸಂಜೆ ಕೂತೆ. ಅವರ ಮನೆ ಜಗಲಿಯಲ್ಲಿ, ಬಲ್ಬಿನ ಕೆಳಗೆ, ಸಾಲು ಸಾಲು ಟಿಕ್ ಹಾಕ್ಕೊಂಡು. ಬ್ಯಾಂಕಿನವರು ಖಾತೆಯಿಂದ ಎರಡು ಸಲ ವಿಮೆಯ ಕಂತು ಹಿಡ್ಕೊಂಡಿದ್ದರು. ಪಾಸ್‌ಬುಕ್ಕಿನಲ್ಲಿ ಏನೋ ಇಂಗ್ಲಿಷ್ ಸಂಕ್ಷೇಪ ಅಚ್ಚಾಗಿತ್ತು, ಅದು ಇವರ ಪುಸ್ತಕಕ್ಕೆ ಏರಿರಲಿಲ್ಲ. ಎರಡೂ ಸೇರಿದರೆ ಸರಿಯಾಗಿ 1,840. ಬಿ.ಕಾಂ. ಮೊದಲ ವರ್ಷದಲ್ಲಿ ಕಲಿಯೋ ಲೆಕ್ಕ ಅದು, ಬ್ಯಾಂಕ್ ತಾಳೆ ಪಟ್ಟಿ. ಮುಂದಿನ ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಓದಿ ಹೇಳಿ ಅಂತ ಕರೆದರು. ಓದಿದೆ. ಯಾರೂ ಏನೂ ಮಾತಾಡಲಿಲ್ಲ. ಅಧ್ಯಕ್ಷೆ ಎದ್ದು ಹೋಗಿ ಟೀ ಮಾಡ್ಕೊಂಡು ಬಂದು ಮೊದಲ ಲೋಟ ಆ ಪುಸ್ತಕ ಬರೆಯೋ ಅಕ್ಕನ ಕೈಗೆ ಕೊಟ್ಟರು.

ಆಫೀಸಿಗೆ ಬಂದು ಶೀಟಿನಲ್ಲಿ ಆರು ಗಂಟೆ ಅಂತ ಹಾಕೋಕೆ ಹೋದೆ. ಒಬ್ಬರೇ ಹೋಗಿದ್ದು ಕಾರ್ಯಕ್ರಮದ ಲೆಕ್ಕಕ್ಕೆ ಬರಲ್ಲ, ಕನಿಷ್ಠ ಹತ್ತು ಜನ ಇರಬೇಕು, ಫೋಟೋ ಇದ್ಯಾ ಅಂತ ಕೇಳಿದರು. ಇರಲಿಲ್ಲ. ಬಿಟ್ಟೆ.

ಡಿಸೆಂಬರ್‌ನಲ್ಲಿ ಗೋದಾಮಿನ ವ್ಯಾನಿನಲ್ಲಿ ನನ್ನ ಹೆಸರಿಗೆ ಒಂದು ಚೀಲ ಬಂತು. ಸೊಗಡಿನ ಅವರೆಕಾಯಿ, ಐದಾರು ಕೆಜಿ ಇರಬಹುದು. ಜತೆಗೆ ಚೀಟಿ: ಪಕ್ಕದ ಸಂಘದವರದ್ದೂ ಪುಸ್ತಕ ತಾಳೆ ಆಗ್ತಿಲ್ಲವಂತೆ, ಭಾನುವಾರ ಬಿಡುವಿದ್ರೆ ಬನ್ನಿ. ಹೋದೆ. ಕೆಲಸ ಬಿಟ್ಟ ಮೇಲೂ ಅಗೊಮ್ಮೆ ಈಗೊಮ್ಮೆ ಹೋಗ್ತಾ ಇದ್ದೀನಿ.

ನಿಮ್ಮ ಕಂಪನಿಯಿಂದ ನೀವು ಯಾವತ್ತಾದ್ರೂ ಹೀಗೆ ಹೋಗಿದ್ರೆ, ಅಥವಾ ಕಂಪನಿಯವರು ನಿಮ್ಮೂರಿಗೆ ಬಂದಿದ್ರೆ, ಏನಾಯ್ತು ಅಂತ ಬರೆದು ಕಳಿಸಿ. ಸಸಿ ಬದುಕಿದ್ರೆ ಅದನ್ನೂ ಬರೀರಿ.